ಉರಿಯದ ಎಣ್ಣೆಯ ಊರು

ಮೊಣಕಾಲು ಹಿಡಿದುಕೊಂಡಿತೆಂದರೆ, ಸೊಂಟ ನೋಯತೊಡಗಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಎಣ್ಣೆ. ಬಾಗಳಿ, ಹರಪನಹಳ್ಳಿ, ಕೊಟ್ಟೂರು ಕಡೆಯ ಹೆಂಗಸರು ಔಡಲ ಎಣ್ಣೆಯನ್ನು ಬೆಚ್ಚಗೆ ಮಾಡಿ ತಿಕ್ಕಿ, ಮೇಲೆ ಬಿಸಿನೀರು ಹುಯ್ಯುತ್ತಾರೆ. ಬಾಣಂತಿಗೂ ಹಸುಗೂಸಿಗೂ ಎಣ್ಣೆ ನೀರು ಮಾಡಿಸದ ಮನೆ ಈ ಭಾಗದಲ್ಲಿ ಅಪರೂಪ. ಇದನ್ನೆಲ್ಲ ಕಂಡು ಬೆಳೆದ ನಿಮಗೆ ಎಣ್ಣೆಯಿಂದ ನೋವು ಇಳಿಯುತ್ತದೆಂದರೆ ಆಶ್ಚರ್ಯವಾಗದು. ಆದರೆ ಸಹೋದರಿಯರೇ, ಆ ಎಣ್ಣೆ ಔಡಲದ್ದಲ್ಲ, ಕೊಬ್ಬರಿಯದ್ದಲ್ಲ, ಪೆಟ್ರೋಲು ಡೀಸೆಲ್ಲುಗಳ ಮೂಲವಾದ ಕಪ್ಪು ಕಲ್ಲೆಣ್ಣೆ ಎಂದರೆ? ಅದನ್ನು ಸ್ನಾನದ ತೊಟ್ಟಿಗೆ ತುಂಬಿಸಿ, ಅದರಲ್ಲಿ ಎದೆಮಟ್ಟ ಮುಳುಗಿ ಕುಳಿತುಕೊಳ್ಳಲು ಜನರು ದೂರದೇಶಗಳಿಂದ ಹಣ ಕೊಟ್ಟು ಬರುತ್ತಾರೆ ಎಂದರೆ?

ಅಂತಹ ಒಂದು ಊರಿದೆ. ಹೆಸರು ನಫ್ತಲಾನ್. ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿರುವ ಅಝರ್‌ಬೈಜಾನ್ ಎಂಬ ಮುಸ್ಲಿಮ್ ಬಹುಸಂಖ್ಯಾತ ದೇಶದಲ್ಲಿ, ರಾಜಧಾನಿ ಬಾಕುವಿನಿಂದ ಪಶ್ಚಿಮಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಬೆಟ್ಟಗಳ ತಪ್ಪಲಿನಲ್ಲಿರುವ ಪುಟ್ಟ ಪಟ್ಟಣ. ಹತ್ತಿರದ ದೊಡ್ಡ ನಗರ ಗಂಜಾ. ಲೈಲಾ ಮಜ್ನೂನ್ ಕಥೆಯನ್ನು 1188ರಲ್ಲಿ ಪಾರ್ಸಿ ಕಾವ್ಯವಾಗಿ ಬರೆದ ನಿಝಾಮಿ ಗಂಜವಿಯ ಊರದು.

ಬಿಸಿನೀರ ಬುಗ್ಗೆ ನಮ್ಮ ರಾಜ್ಯಕ್ಕೆ ತೀರ ಅಪರಿಚಿತವೇನಲ್ಲ. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥವಿದೆ. ಗಂಧಕದ ವಾಸನೆಯ ಆ ಬೆಚ್ಚನೆಯ ನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ ಬಹಳ ಹಿಂದಿನದು. ಎಣ್ಣೆಯ ಊರೆಂದರೆ ನಮಗೆ ಚಳ್ಳಕೆರೆ. ಆದರೆ ಅಲ್ಲಿಯದು ಶೇಂಗಾ ಎಣ್ಣೆ, ಗಾಣ ಮತ್ತು ಮಿಲ್ಲುಗಳ ಎಣ್ಣೆ. ನೆಲದೊಳಗಿನ ಕಲ್ಲೆಣ್ಣೆಯೇ ಔಷಧಿಯಾಗಿ, ಅದರಿಂದಲೇ ಒಂದು ಊರು ಹುಟ್ಟಿದ್ದನ್ನು ನೋಡಬೇಕಾದರೆ ನಾವು ಅಝರ್‌ಬೈಜಾನಿಗೇ ಹೋಗಬೇಕು.

ಹೆಸರಿನಲ್ಲಿ ಏನಿದೆ?

ಅರಬಿ ಬಲ್ಲವರಿಗೆ ಹೆಸರು ಕೇಳಿದ ಕೂಡಲೇ ಸುಳಿವು ಸಿಗುತ್ತದೆ. ಅರಬಿಯಲ್ಲಿ ನಫ್ತ್ ಎಂದರೆ ಕಲ್ಲೆಣ್ಣೆ. ಇಂದಿಗೂ ಅರಬ್ ದೇಶಗಳ ಪತ್ರಿಕೆಗಳು ಪೆಟ್ರೋಲಿಯಮ್ಮಿಗೆ ಬಳಸುವುದು ಇದೇ ಪದವನ್ನು. ಅಝರಿ ಭಾಷೆಯಲ್ಲಿ ಅದು ನೆಫ್ತ್ ಆಗಿದೆ. ಅಲಾನ್ ಎಂದರೆ ತೆಗೆದುಕೊಳ್ಳುವವ, ಕೊಳ್ಳುವವ. ಎಣ್ಣೆ ಒಯ್ಯಲು ಬರುವವರ ಜಾಗ ಎಂಬ ಅರ್ಥದಲ್ಲಿ ಈ ಹೆಸರು ಬಂತೆಂದು ಒಂದು ವಿವರಣೆ. ನೀವು ಬಟ್ಟೆ ಪೆಟ್ಟಿಗೆಯಲ್ಲಿ ಹುಳು ಬಾರದಂತೆ ಇಡುವ ಬಿಳಿಯ ನ್ಯಾಫ್ತಲಿನ್ ಗುಳಿಗೆಯಿದೆಯಲ್ಲ, ಆ ಹೆಸರೂ ಇದೇ ಬೇರಿನದು. ಹೆಸರು ಒಂದೇ ಬೇರಿನದಾದರೂ ವಸ್ತುಗಳು ಬೇರೆ ಬೇರೆ. ಗುಳಿಗೆಯನ್ನು ಕರಗಿಸಿ ಹಚ್ಚಿಕೊಳ್ಳಲು ಯಾರೂ ಹೋಗಬಾರದು, ಅದು ವಿಷ.

ಕಲ್ಲೆಣ್ಣೆಯ ಬಗ್ಗೆ ಯೂರೋಪಿನವರು ತಲೆ ಕೆಡಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲು ಮುಸ್ಲಿಮ್ ವಿದ್ವಾಂಸರು ಅದನ್ನು ಬಲ್ಲವರಾಗಿದ್ದರು. ವೈದ್ಯರೂ ರಸಾಯನ ಶಾಸ್ತ್ರಜ್ಞರೂ ಆಗಿದ್ದ ಅರ್‍ರಾಝಿ ಕಪ್ಪು ನಫ್ತನ್ನು ಭಟ್ಟಿಯಿಳಿಸಿ ಬಿಳಿ ನಫ್ತ್ ತೆಗೆಯುವ ಕ್ರಮವನ್ನು ಬರೆದಿಟ್ಟಿದ್ದಾರೆ. ನಮ್ಮ ಸೀಮೆಎಣ್ಣೆಗೆ ಅದನ್ನು ಅಜ್ಜನೆನ್ನಬಹುದು. ಹತ್ತನೆಯ ಶತಮಾನದ ಇತಿಹಾಸಕಾರ ಅಲ್ ಮಸ್ಊದಿ ಬಾಕುವಿನ ಎಣ್ಣೆ ಬುಗ್ಗೆಗಳನ್ನು ಪ್ರಸ್ತಾಪಿಸಿದ್ದಾರೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೋ ಪೋಲೋ ಜಾರ್ಜಿಯಾದ ಗಡಿ ಕಡೆಯ ಎಣ್ಣೆ ಬುಗ್ಗೆಯೊಂದರ ಬಗ್ಗೆ ಬರೆಯುತ್ತಾ, ಅದು ತಿನ್ನಲು ಬಾರದಾದರೂ ಉರಿಸಲು ಒಳ್ಳೆಯದು, ಒಂಟೆಗಳ ಕಜ್ಜಿಗೂ ಹಚ್ಚುತ್ತಾರೆ, ಜನರು ದೂರದೂರದಿಂದ ಬಂದು ಒಯ್ಯುತ್ತಾರೆ ಎಂದು ಹೇಳುತ್ತಾನೆ. ಅದು ಬಾಕುವಿನ ಎಣ್ಣೆಯೆಂದು ಹೆಚ್ಚಿನವರ ಅಭಿಪ್ರಾಯ. ನಫ್ತಲಾನಿನವರು ಮಾತ್ರ ಅದು ತಮ್ಮದೇ ಎನ್ನುತ್ತಾರೆ.

ಒಂಟೆಯ ಕಥೆಯೊಂದು ಆ ಊರಿನವರ ಬಾಯಲ್ಲೂ ಇದೆ. ವರ್ತಕರ ತಂಡವೊಂದು ಆ ದಾರಿಯಲ್ಲಿ ಹೋಗುತ್ತಿದ್ದಾಗ ಒಂಟೆಯೊಂದು ಕಾಯಿಲೆಯಿಂದ ಕುಸಿಯಿತು. ಇನ್ನು ಬದುಕುವುದಿಲ್ಲವೆಂದು ಎಣ್ಣೆಯ ಮಡುವಿನ ಬಳಿ ಅದನ್ನು ಬಿಟ್ಟುಹೋದರು. ಹಿಂದಿರುಗಿ ಬರುವಾಗ ನೋಡಿದರೆ ಒಂಟೆ ಮೈತುಂಬಿಕೊಂಡು ನಿಂತಿತ್ತು! ಇಂತಹ ಕಥೆಗಳು ಎಲ್ಲ ಊರಿನ ಬುಗ್ಗೆಗಳಿಗೂ ಇರುತ್ತವೆ. ಕೇಳಲು ಚೆನ್ನಾಗಿದೆ, ಅಷ್ಟೇ.

ಬಾಕುವಿನ ಹೊನ್ನು, ನಫ್ತಲಾನಿನ ಜಿಡ್ಡು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಾಕುವಿನಲ್ಲಿ ಎಣ್ಣೆಯ ಹುಚ್ಚು ಹತ್ತಿತು. ಆಗ ಅದು ರಷ್ಯದ ಝಾರ್ ದೊರೆಗಳ ಅಧೀನದಲ್ಲಿತ್ತು. ಸ್ವೀಡನ್ನಿನ ನೊಬೆಲ್ ಸಹೋದರರು 1879ರಲ್ಲಿ ತಮ್ಮ ಎಣ್ಣೆ ಕಂಪೆನಿ ಸ್ಥಾಪಿಸಿದರು. 1901ರ ಹೊತ್ತಿಗೆ ಇಡೀ ಜಗತ್ತಿನ ಕಲ್ಲೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕುವಿನಿಂದಲೇ ಬರುತ್ತಿತ್ತು.

ಇಲ್ಲಿ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ಹಾಜಿ ಝೈನುಲ್ ಆಬಿದೀನ್ ತಗಿಯೇವ್. ಬಡ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ಗಾರೆ ಕೆಲಸಕ್ಕೆ ಹೋದವರು. ಓದು ಬರಹ ಬರುತ್ತಿರಲಿಲ್ಲ. ಕೊಂಡ ಜಮೀನಿನಲ್ಲಿ ಎಣ್ಣೆ ಚಿಮ್ಮಿ ಕೋಟ್ಯಾಧೀಶರಾದರು. ಇತರ ಎಣ್ಣೆ ಶ್ರೀಮಂತರಂತೆ ಅವರೂ ಅರಮನೆ ಕಟ್ಟಿಸಿದರು, ಆದರೆ ಅಲ್ಲಿಗೇ ನಿಲ್ಲಲಿಲ್ಲ. 1901ರಲ್ಲಿ ಬಾಕುವಿನಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳಿಗಾಗಿ ಆಧುನಿಕ ಶಾಲೆಯೊಂದನ್ನು ತೆರೆದರು. ಇಡೀ ರಷ್ಯನ್ ಸಾಮ್ರಾಜ್ಯದಲ್ಲಿ ಆ ಬಗೆಯ ಶಾಲೆ ಅದೇ ಮೊದಲನೆಯದು. ಹನೀಫಾ ಮಲಿಕೋವಾ ಎಂಬ ವಿದ್ಯಾವಂತ ಮಹಿಳೆ ಅದರ ಮುಖ್ಯಸ್ಥೆಯಾಗಿದ್ದರು. ಎಣ್ಣೆಯ ಹಣದಿಂದ ಜಗತ್ತಿನಲ್ಲಿ ಏನೇನೋ ಆಗಿದೆ. ಆ ಶಾಲೆಯಷ್ಟು ಒಳ್ಳೆಯದು ಬಹಳ ಆಗಿಲ್ಲವೆಂದು ನನ್ನ ಎಣಿಕೆ.

ಬಾಕುವಿನ ಈ ಅಬ್ಬರ ಕಂಡು ಯೇಗರ್ ಎಂಬ ಜರ್ಮನ್ ಎಂಜಿನಿಯರ್ ನಫ್ತಲಾನಿನಲ್ಲಿ ಜಮೀನು ಕೊಂಡ. 1890ರ ದಶಕದಲ್ಲಿ ಬಾವಿ ಕೊರೆಸಿದ. ಎಣ್ಣೆಯೇನೋ ಬಂತು. ಆದರೆ ಅದು ಕಾಕಂಬಿಯಂತೆ ದಪ್ಪಗಿತ್ತು, ಕಂದು ಮಿಶ್ರಿತ ಕಪ್ಪು ಬಣ್ಣದ್ದಾಗಿತ್ತು. ಬೆಂಕಿ ಹಚ್ಚಿದರೆ ಸರಿಯಾಗಿ ಉರಿಯಲೊಲ್ಲದು. ಕಲ್ಲೆಣ್ಣೆಯಲ್ಲಿ ಬೇಗ ಆವಿಯಾಗಿ ಬೆಂಕಿ ಹಿಡಿಯುವ ಹಗುರ ಅಂಶಗಳಿದ್ದರೆ ತಾನೇ ಪೆಟ್ರೋಲು, ಸೀಮೆಎಣ್ಣೆ ಸಿಗುವುದು? ನಫ್ತಲಾನಿನ ಎಣ್ಣೆಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಹೆಚ್ಚಾಗಿರುವುದು ನಾಫ್ತೀನ್ ಜಾತಿಯ ಭಾರವಾದ ಅಂಶಗಳು. ವ್ಯಾಪಾರದ ಲೆಕ್ಕದಲ್ಲಿ ಯೇಗರನ ಹಣ ಮಣ್ಣುಪಾಲಾಗಿತ್ತು.

ಆಗ ಅವನ ಕಣ್ಣಿಗೆ ಬಿದ್ದದ್ದು ಸ್ಥಳೀಯರ ಅಭ್ಯಾಸ. ಸುತ್ತಲಿನ ಹಳ್ಳಿಗರು ಎಣ್ಣೆಯ ಹೊಂಡಗಳಲ್ಲಿ ಇಳಿದು ಕುಳಿತುಕೊಳ್ಳುತ್ತಿದ್ದರು, ಬಳಿಕ ಬಿಸಿಲಿಗೆ ಮೈಯೊಡ್ಡುತ್ತಿದ್ದರು. ಕೀಲುನೋವಿಗೂ ತುರಿಕೆ ಗಾಯಗಳಿಗೂ ಅದೇ ಅವರ ಮದ್ದು. ಯೇಗರ್ ಅಲ್ಲೇ ಮುಲಾಮಿನ ಕಾರ್ಖಾನೆ ಹಾಕಿದ. ನಫ್ತಲಾನ್ ಮುಲಾಮು ಜರ್ಮನಿಗೆ ಹೋಗಿ ಅಲ್ಲಿನ ಚರ್ಮವೈದ್ಯರ ಕೈಸೇರಿತು. 1904-05ರ ರಷ್ಯ-ಜಪಾನ್ ಯುದ್ಧದಲ್ಲಿ ಜಪಾನಿ ಸೈನಿಕರ ಚೀಲಗಳಲ್ಲೂ ಈ ಮುಲಾಮಿನ ಡಬ್ಬಿ ಇತ್ತೆಂದು ಹೇಳುತ್ತಾರೆ. ರಷ್ಯದ ನೆಲದ ಎಣ್ಣೆ ರಷ್ಯದ ವೈರಿಯ ಗಾಯಕ್ಕೆ!

ಇದನ್ನು ಓದುವಾಗ ನಿಮ್ಮ ಮನೆಯ ವ್ಯಾಸಲಿನ್ ಡಬ್ಬಿಯನ್ನು ನೆನಪಿಸಿಕೊಳ್ಳಿ. ಅದರ ಕಥೆಯೂ ಇದಕ್ಕೆ ಸಮೀಪದ್ದೇ. ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಗಳಲ್ಲಿ ಕೊಳವೆಗಳಿಗೆ ಅಂಟಿಕೊಳ್ಳುವ ಮೇಣದಂತಹ ಜಿಡ್ಡನ್ನು ಕೂಲಿಗಳು ಸುಟ್ಟ ಗಾಯಕ್ಕೆ, ಕೊಯ್ದ ಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದುದನ್ನು ರಾಬರ್ಟ್ ಚೆಸ್‌ಬ್ರೋ ಎಂಬಾತ ಗಮನಿಸಿ, ಶುದ್ಧಗೊಳಿಸಿ, 1872ರಲ್ಲಿ ಹಕ್ಕುಪತ್ರ ಪಡೆದ. ಕೂಲಿಗಳ ತಿಳಿವು ಕಂಪೆನಿಯ ಸರಕಾಗುವುದು ಹೀಗೆ.

ತೊಟ್ಟಿಯೊಳಗೆ ಹತ್ತು ನಿಮಿಷ

ಸೋವಿಯತ್ ಆಡಳಿತ ಬಂದ ಮೇಲೆ ಖಾಸಗಿ ಕಾರ್ಖಾನೆಯ ಕಾಲ ಮುಗಿಯಿತು. 1920 ಮತ್ತು 30ರ ದಶಕಗಳಲ್ಲಿ ಅಲ್ಲಿ ಸರಕಾರಿ ಆರೋಗ್ಯಧಾಮಗಳು ಎದ್ದವು. ಕಾರ್ಖಾನೆಯ, ಹೊಲದ ಕೆಲಸಗಾರರಿಗೆ ಕಾರ್ಮಿಕ ಸಂಘಗಳ ಮೂಲಕ ಚೀಟಿ ಸಿಗುತ್ತಿತ್ತು. ಆ ಚೀಟಿ ಹಿಡಿದು ಬಂದರೆ ವಸತಿ, ಊಟ, ಚಿಕಿತ್ಸೆ ಎಲ್ಲವೂ ಉಚಿತ, ಇಲ್ಲವೇ ಅಲ್ಪ ಖರ್ಚಿನಲ್ಲಿ. 1967ರಲ್ಲಿ ನಫ್ತಲಾನಿಗೆ ಪಟ್ಟಣದ ಸ್ಥಾನ ದೊರೆಯಿತು. 1980ರ ದಶಕದಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಜನರು ಸೋವಿಯತ್ ಒಕ್ಕೂಟದ ಮೂಲೆಮೂಲೆಗಳಿಂದ ಬರುತ್ತಿದ್ದರು. ಕಮ್ಯುನಿಸ್ಟ್ ಆಡಳಿತ ಧರ್ಮದ ವಿಷಯದಲ್ಲಿ ಏನು ಮಾಡಿತೆಂಬುದು ನಮಗೆ ಗೊತ್ತಿದೆ, ಅದನ್ನು ಮರೆಯಲಾಗದು. ಆದರೆ ಗಿರಣಿಯಲ್ಲಿ ದುಡಿಯುವ ಹೆಂಗಸಿಗೆ ಮೊಣಕಾಲಿನ ಚಿಕಿತ್ಸೆಗಾಗಿ ರಜೆಯನ್ನೂ ಚೀಟಿಯನ್ನೂ ಕೊಡುತ್ತಿದ್ದ ಆ ವ್ಯವಸ್ಥೆಯನ್ನು ಒಳ್ಳೆಯದೆನ್ನದೆ ಇರಲಾರೆ.

ಚಿಕಿತ್ಸೆ ಹೇಗೆ? ಎಣ್ಣೆಯನ್ನು ಮೈಬಿಸಿಗಿಂತ ತುಸು ಹೆಚ್ಚು, ಅಂದರೆ 37-38 ಡಿಗ್ರಿಗೆ ಕಾಯಿಸಿ ತೊಟ್ಟಿಗೆ ಬಿಡುತ್ತಾರೆ. ರೋಗಿ ಅದರಲ್ಲಿ ಸುಮಾರು ಹತ್ತು ನಿಮಿಷ ಕುಳಿತುಕೊಳ್ಳಬೇಕು. ಹೆಚ್ಚು ಹೊತ್ತು ಬಿಡುವುದಿಲ್ಲ. ಎದ್ದ ಕೂಡಲೇ ಸಹಾಯಕರು ಮೈಮೇಲಿನ ಜಿಡ್ಡನ್ನು ಹೆರೆದು ತೆಗೆಯುತ್ತಾರೆ. ಆಮೇಲೆ ಬಿಸಿನೀರು, ಸಾಬೂನು. ಎಷ್ಟು ತಿಕ್ಕಿದರೂ ವಾಸನೆ ಪೂರ್ತಿ ಹೋಗುವುದಿಲ್ಲವಂತೆ. ಹೀಗೆ ಹತ್ತು ಹದಿನೈದು ದಿನ. ಹೃದಯದ ತೊಂದರೆ ತೀವ್ರವಾಗಿರುವವರನ್ನೂ ಕ್ಯಾನ್ಸರ್ ಇರುವವರನ್ನೂ ತೊಟ್ಟಿಗೆ ಇಳಿಸುವುದಿಲ್ಲ. ಬರುವವರಲ್ಲಿ ಸಂಧಿವಾತ, ಬೆನ್ನುನೋವು, ಸೋರಿಯಾಸಿಸ್ ಇರುವವರೇ ಹೆಚ್ಚು.

ಗುಣವಾಗುತ್ತದೆಯೇ? ನೀವು ಕೇಳಬೇಕಾದ ಪ್ರಶ್ನೆ ಇದು. ನಫ್ತಲಾನಿನಲ್ಲಿ ಊರುಗೋಲುಗಳ ಒಂದು ವಸ್ತು ಸಂಗ್ರಹಾಲಯವಿದೆ. ಕುಂಟುತ್ತಾ ಬಂದವರು ನಡೆಯುತ್ತಾ ಹೊರಟಾಗ ಬಿಟ್ಟುಹೋದ ಕೋಲುಗಳವು. ನೋಡಿದವರಿಗೆ ನಂಬಿಕೆ ಬಾರದಿದ್ದೀತೇ? ಆದರೆ ಸ್ವಲ್ಪ ಯೋಚಿಸಿ. ಕೋಲು ಹಿಡಿದೇ ಮರಳಿದವರ ಕೋಲುಗಳು ಆ ಗೋಡೆಯ ಮೇಲೆ ಇರಲು ಸಾಧ್ಯವಿಲ್ಲ. ಚಿಕಿತ್ಸೆಯ ಪರವಾಗಿರುವ ಅಧ್ಯಯನಗಳು ಬಹುತೇಕ ಅಲ್ಲಿಯ ವೈದ್ಯರವೇ. ಬೆಚ್ಚಗಿನ ತೊಟ್ಟಿ, ಹದಿನೈದು ದಿನಗಳ ವಿಶ್ರಾಂತಿ, ಅಡುಗೆಮನೆಯಿಂದ ಬಿಡುವು ಇವಿಷ್ಟರಿಂದಲೇ ಎಷ್ಟೋ ನೋವು ಇಳಿದೀತು! ಇನ್ನೊಂದು ಮಗ್ಗುಲೂ ಇದೆ. ಕಲ್ಲೆಣ್ಣೆಯಲ್ಲಿರುವ ಕೆಲವು ರಾಸಾಯನಿಕಗಳು ಕ್ಯಾನ್ಸರ್ ತರಬಲ್ಲವೆಂಬುದು ಸಾಬೀತಾದ ವಿಷಯ. ಈ ಭಯದಿಂದಲೇ ಅಂತಹ ಅಂಶಗಳನ್ನು ತೆಗೆದುಹಾಕಿದ ಬಿಳಿ ನಫ್ತಲಾನನ್ನು ತಯಾರಿಸುತ್ತಾರೆ. ಯೂರೋಪಿನ ಕ್ರೊಯೇಷಿಯಾದ ಇವಾನಿಚ್ ಗ್ರಾಡ್ ಎಂಬ ಊರಿನಲ್ಲೂ ಇದೇ ಬಗೆಯ ಎಣ್ಣೆ ಸಿಕ್ಕಿ, 1989ರಿಂದ ಅಲ್ಲೊಂದು ಆಸ್ಪತ್ರೆ ಸೋರಿಯಾಸಿಸ್ ಮತ್ತು ಕೀಲುರೋಗಗಳಿಗೆ ಚಿಕಿತ್ಸೆ ನೀಡುತ್ತಿದೆ. ಅಲ್ಲಿ ಎಣ್ಣೆಯನ್ನು ಶುದ್ಧಗೊಳಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸುತ್ತಾರೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಚಿಮಣಿ ಎಣ್ಣೆಯನ್ನು ಔಷಧಿಯೆಂದು ಬಳಸುವವರಿದ್ದಾರೆ. ಹೆಣ್ಣುಮಕ್ಕಳ ತಲೆಯ ಹೇನಿಗೆ, ಸುಟ್ಟ ಗಾಯಕ್ಕೆ, ಮೊಣಕಾಲಿಗೆ ಹಚ್ಚುತ್ತಾರೆ. ನಫ್ತಲಾನಿನ ಎಣ್ಣೆಗೂ ಚಿಮಣಿ ಎಣ್ಣೆಗೂ ಇರುವ ವ್ಯತ್ಯಾಸವನ್ನು ಮೇಲೆ ಓದಿದಿರಿ. ಅದು ಉರಿಯದ ಎಣ್ಣೆ, ಇದು ಉರಿಯುವುದಕ್ಕೆಂದೇ ತೆಗೆದ ಎಣ್ಣೆ. ಚಿಮಣಿ ಎಣ್ಣೆ ಚರ್ಮವನ್ನು ಕೆರಳಿಸಿ ಬೊಬ್ಬೆ ಎಬ್ಬಿಸುತ್ತದೆ. ಅದನ್ನು ತಲೆಗೆ ಹಚ್ಚಿಕೊಂಡ ಹುಡುಗಿ ಒಲೆಯ ಹತ್ತಿರ ಹೋದರೆ ಏನಾದೀತೆಂದು ಹೇಳಬೇಕಾಗಿಲ್ಲ. ನೀರಿನ ಬಾಟಲಿಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಅದನ್ನು ತುಂಬಿಸಿ ಮಕ್ಕಳ ಕೈಗೆಟಕುವಲ್ಲಿ ಇಡಲೇಬೇಡಿ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗಬಾರದು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಬಿಸಿನೀರ ಬುಗ್ಗೆಯ ಕಡೆಯಿಂದ ಬಂದವರು

ನಫ್ತಲಾನಿನ ದಕ್ಷಿಣಕ್ಕೆ ಮುರೋವ್ ಎಂಬ ಎತ್ತರದ ಬೆಟ್ಟಸಾಲಿದೆ. ಅದರ ಆಚೆ ಕೆಲ್ಬಜಾರ್ ಜಿಲ್ಲೆ. ಅಲ್ಲಿ, ಎರಡು ಸಾವಿರ ಮೀಟರಿಗೂ ಎತ್ತರದಲ್ಲಿ ಇಸ್ತಿಸು ಎಂಬ ಖನಿಜಜಲದ ಬುಗ್ಗೆಗಳಿವೆ. ಇಸ್ತಿಸು ಎಂದರೆ ಬಿಸಿನೀರು ಎಂದೇ ಅರ್ಥ. ಹೊಟ್ಟೆಯ ತೊಂದರೆಗೆ ಅದನ್ನು ಕುಡಿಯುತ್ತಿದ್ದರು, ಕೀಲುನೋವಿಗೆ ಅದರಲ್ಲಿ ಮೀಯುತ್ತಿದ್ದರು. ಸೋವಿಯತ್ ಕಾಲದಲ್ಲಿ ಅಲ್ಲೂ ಆರೋಗ್ಯಧಾಮವಿತ್ತು. ನೀರನ್ನು ಬಾಟಲಿಗಳಲ್ಲಿ ತುಂಬಿ ದೂರದ ಊರುಗಳಿಗೆ ಕಳುಹಿಸುತ್ತಿದ್ದರು. ಬೆಟ್ಟದ ಈಚೆ ಎಣ್ಣೆ, ಆಚೆ ಬಿಸಿನೀರು.

1988ರಲ್ಲಿ ಕರಾಬಾಖ್ ಪ್ರದೇಶ ಯಾರಿಗೆ ಸೇರಬೇಕೆಂಬ ವಿವಾದ ಅಝರಿಗಳ ಮತ್ತು ಆರ್ಮೇನಿಯನ್ನರ ನಡುವೆ ಭುಗಿಲೆದ್ದಿತು. ಆರ್ಮೇನಿಯದಲ್ಲಿದ್ದ ಅಝರಿಗಳು ಮನೆಮಠ ಬಿಟ್ಟು ಓಡಿಬಂದರು. ಅಝರ್‌ಬೈಜಾನಿನಲ್ಲಿದ್ದ ಆರ್ಮೇನಿಯನ್ನರೂ ಹಾಗೆಯೇ ಓಡಬೇಕಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದು ಪೂರ್ಣ ಯುದ್ಧವಾಯಿತು. 1993ರ ಏಪ್ರಿಲ್ ಮೊದಲ ವಾರದಲ್ಲಿ ಕೆಲ್ಬಜಾರ್ ಆರ್ಮೇನಿಯನ್ ಪಡೆಗಳ ವಶವಾಯಿತು. ಸುಮಾರು 60 ಸಾವಿರ ಜನರು ಹೊರಟರು. ದಾರಿ ಒಂದೇ, ಮುರೋವ್ ಬೆಟ್ಟದ ಕಣಿವೆ. ಅಲ್ಲಿ ಇನ್ನೂ ಹಿಮ ಕರಗಿರಲಿಲ್ಲ. ಎಳೆಮಕ್ಕಳನ್ನು ಎದೆಗವಚಿಕೊಂಡು, ವೃದ್ಧರ ಕೈಹಿಡಿದು ನಡೆದರು. ಚಳಿಗೆ ದಾರಿಯಲ್ಲೇ ಪ್ರಾಣ ಬಿಟ್ಟವರೂ ಇದ್ದಾರೆ. ಏಪ್ರಿಲ್ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 822ನೆಯ ಗೊತ್ತುವಳಿಯಲ್ಲಿ ಕೆಲ್ಬಜಾರಿನಿಂದ ಪಡೆಗಳು ಹಿಂದೆ ಸರಿಯಬೇಕೆಂದು ಹೇಳಿತು. ಯಾರೂ ಸರಿಯಲಿಲ್ಲ.

ಆ ಕೆಲವೇ ವರ್ಷಗಳಲ್ಲಿ ಅಝರ್‌ಬೈಜಾನಿನ ಒಳಗೆ ಆರು ಲಕ್ಷಕ್ಕಿಂತ ಹೆಚ್ಚು ಜನರು ನೆಲೆ ಕಳೆದುಕೊಂಡರು. ಅವರನ್ನೆಲ್ಲ ಎಲ್ಲಿ ಇಡುವುದು? ಶಾಲೆಗಳು, ವಿದ್ಯಾರ್ಥಿನಿಲಯಗಳು, ರೈಲು ಡಬ್ಬಿಗಳು, ಗುಡಾರಗಳು. ನಫ್ತಲಾನ್ ಯುದ್ಧದ ಗಡಿಗೆ ಹತ್ತಿರವಿದ್ದುದರಿಂದ ರೋಗಿಗಳು ಬರುವುದು ನಿಂತಿತ್ತು, ಆರೋಗ್ಯಧಾಮಗಳ ಕೋಣೆಗಳು ಖಾಲಿ ಬಿದ್ದಿದ್ದವು. ನಿರ್ವಸಿತರನ್ನು ಅಲ್ಲಿ ತುಂಬಿಸಲಾಯಿತು.

ಹದಿನೈದು ದಿನದ ವಾಸಕ್ಕೆಂದು ಕಟ್ಟಿದ ಕೋಣೆಯಲ್ಲಿ ಒಂದು ಇಡೀ ಕುಟುಂಬ ಹದಿನೈದು ವರ್ಷ ಬದುಕುವುದೆಂದರೇನು ಎಂಬುದನ್ನು ಮನೆ ನಡೆಸುವ ನೀವು ಊಹಿಸಬಲ್ಲಿರಿ. ಅತ್ತೆ, ಮಾವ, ಗಂಡ, ಮಕ್ಕಳು ಎಲ್ಲರಿಗೂ ಅದೊಂದೇ ಕೋಣೆ. ಬಾಲ್ಕನಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಅದು ಅಡುಗೆಮನೆ. ಬಚ್ಚಲು, ಪಾಯಿಖಾನೆಗೆ ಸಾಲು. ಬೆಳೆದ ಹೆಣ್ಣುಮಗಳಿಗೆ ಬಟ್ಟೆ ಬದಲಿಸಲೂ ಮರೆಯಿಲ್ಲ. ಮಗನಿಗೆ ಮದುವೆಯಾದರೆ ನಡುವೆ ಒಂದು ಪರದೆ ಎಳೆಯಬೇಕು. ಸಾಮೂಹಿಕ ಕಟ್ಟಡಗಳಲ್ಲಿ ಬದುಕಿದ ಲಕ್ಷಾಂತರ ನಿರ್ವಸಿತರ ಪಾಡು ಇದೇ ಆಗಿತ್ತು. ಗಂಡಸರಿಗೆ ಕೆಲಸವಿಲ್ಲದಿದ್ದಾಗ ಮನೆ ನಡೆಸುವ ಭಾರ ಹೆಂಗಸರ ಮೇಲೆಯೇ ಬಿತ್ತು. ದೇಶದ ಕೊನೆಯ ಗುಡಾರ ಶಿಬಿರಗಳು ಮುಚ್ಚಿದ್ದು 2007ರಲ್ಲಿ. ಆ ದಶಕದ ಕೊನೆಯ ಹೊತ್ತಿಗೆ ನಫ್ತಲಾನಿನ ನಿರ್ವಸಿತರಿಗೂ ಬೇರೆಡೆ ಮನೆಗಳು ಸಿಗತೊಡಗಿದವು.

ಕೋಣೆಗಳು ತೆರವಾದಂತೆ ಊರಿಗೆ ಮತ್ತೆ ಹೊಳಪು ಬಂತು. ಚಿನಾರ್ ಮುಂತಾದ ದುಬಾರಿ ಹೋಟೆಲುಗಳು ಎದ್ದವು. ಇಂದು ರಷ್ಯ, ಕಝಾಕಸ್ತಾನ್ ಮುಂತಾದೆಡೆಗಳಿಂದ ಹಣವುಳ್ಳವರು ಬಂದು ಅಮೃತಶಿಲೆಯ ಅಂಗಳಗಳಲ್ಲಿ ಓಡಾಡುತ್ತಾರೆ. ಕಾರ್ಮಿಕರ ಚೀಟಿಯ ಕಾಲ ಮುಗಿದುಹೋಗಿದೆ.

2020ರ ಸೆಪ್ಟೆಂಬರ್ 27ರಂದು ಯುದ್ಧ ಮತ್ತೆ ಆರಂಭವಾಯಿತು. ಮೊದಲ ದಿನವೇ ನಫ್ತಲಾನಿಗೆ ಸೇರಿದ ಗಶಲ್ತಿ ಹಳ್ಳಿಯ ಒಂದು ಮನೆಯ ಮೇಲೆ ಶೆಲ್ ಬಿದ್ದು ಒಂದೇ ಕುಟುಂಬದ ಐವರು ಸತ್ತರು. 44 ದಿನಗಳ ನಂತರ ಒಪ್ಪಂದವಾಯಿತು. ನವೆಂಬರ್ 25ರಂದು ಕೆಲ್ಬಜಾರ್ ಅಝರ್‌ಬೈಜಾನಿಗೆ ಮರಳಿತು. ಅಲ್ಲಿ 27 ವರ್ಷ ಬಾಳಿದ್ದ ಆರ್ಮೇನಿಯನ್ ಕುಟುಂಬಗಳು ಹೊರಡುವ ಮುನ್ನ ಎಷ್ಟೋ ಮನೆಗಳಿಗೆ ತಮ್ಮ ಕೈಯಾರೆ ಬೆಂಕಿ ಹಚ್ಚಿದ ಚಿತ್ರಗಳನ್ನು ಜಗತ್ತೇ ನೋಡಿತು. 2023ರ ಸೆಪ್ಟೆಂಬರಿನಲ್ಲಿ ಕರಾಬಾಖ್ ಪೂರ್ತಿಯಾಗಿ ಅಝರ್‌ಬೈಜಾನಿನ ವಶವಾದಾಗ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಗಂಟುಮೂಟೆ ಕಟ್ಟಿದರು. 1993ರಲ್ಲಿ ಹಿಮದ ಕಣಿವೆ ದಾಟಿದ ತಾಯಂದಿರಿಗೆ ಆ ಸಾಲು ಕಾರುಗಳನ್ನು ಟಿ.ವಿ.ಯಲ್ಲಿ ನೋಡುವಾಗ ಏನನ್ನಿಸಿತೋ.

ಕೆಲ್ಬಜಾರಿನ ಇಸ್ತಿಸುವಿನಲ್ಲಿ ಬಿಸಿನೀರು ಈಗಲೂ ಉಕ್ಕುತ್ತಿದೆ. ಆದರೆ ಯುದ್ಧ ನಡೆದ ಜಿಲ್ಲೆಗಳ ಹೊಲಗದ್ದೆಗಳಲ್ಲಿ ನೆಲಬಾಂಬುಗಳು ಹೂತಿವೆ. ಅವುಗಳನ್ನು ಒಂದೊಂದಾಗಿ ತೆಗೆಯದೆ ಜನರನ್ನು ಹಳ್ಳಿಗಳಿಗೆ ಕಳುಹಿಸುವಂತಿಲ್ಲ. ಹೀಗಾಗಿ ಮರಳುವಿಕೆ ನಿಧಾನವಾಗಿ ಸಾಗಿದೆ. ಆರೋಗ್ಯಧಾಮದ ಕೋಣೆಗಳಲ್ಲಿ ಹುಟ್ಟಿದ ಮಕ್ಕಳು ಈಗ ತಾವೇ ತಾಯಿ ತಂದೆಯರಾಗುವ ವಯಸ್ಸಿನವರು. ಬೆಟ್ಟದಾಚೆಯ ತಮ್ಮ ಊರನ್ನು ಅವರಲ್ಲಿ ಹೆಚ್ಚಿನವರು ಬಲ್ಲದ್ದು ಅಜ್ಜಿಯರ ಮಾತಿನಿಂದ ಮಾತ್ರ.